ಅಂಗಡಿಯೊಳಗಿನ ಜಾಲಕ್ಕೆ ಅಂತರಜಾಲದ ಹಂಗಿಲ್ಲ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಸಗಟು ಅಂಗಡಿಗಳಲ್ಲಿ ಈಗ ಮೂರು ನಾಲ್ಕು ಕಂಪ್ಯೂಟರುಗಳಿರುವುದು ಸಾಮಾನ್ಯ. ಗಲ್ಲಾದ ಬಳಿ ಬಿಲ್ಲು ಹಾಕುವುದಕ್ಕೊಂದು, ಒಳಕೋಣೆಯಲ್ಲಿ ಗುಮಾಸ್ತರು ಲೆಕ್ಕ ಬರೆಯುವುದಕ್ಕೊಂದು, ಹಿಂದಿನ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವುದಕ್ಕೊಂದು, ಎಲ್ಲಕ್ಕೂ ಸೇರಿ ಒಂದು ಪ್ರಿಂಟರ್. ರಸ್ತೆ ಅಗೆಯುವವರ ಕೈಯಲ್ಲಿ ಫೈಬರ್ ತುಂಡಾಗಿ ಅಂತರಜಾಲ ನಿಂತ ದಿನ, ಇಂಥ ಕೆಲವು ಅಂಗಡಿಗಳಲ್ಲಿ ಬಿಲ್ಲು ಮುದ್ರಿಸುವ ಕೆಲಸವೂ ನಿಂತುಬಿಡುತ್ತದೆ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಇರುವುದು ಹತ್ತು ಅಡಿ; ಎರಡಕ್ಕೂ ವಿದ್ಯುತ್ ಇದೆ; ಆದರೂ ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ. ಹೀಗಾಗಲೇಬೇಕೆಂದೇನೂ ಇಲ್ಲ. ಒಂದೇ ಸೂರಿನಡಿಯ ಯಂತ್ರಗಳನ್ನು ಬೆಸೆಯುವ ಸ್ಥಳೀಯ ಜಾಲ, ಅಂದರೆ ಲ್ಯಾನ್, ಹೊರಗಿನ ಸಂಪರ್ಕವಿಲ್ಲದೆಯೂ ತನ್ನಷ್ಟಕ್ಕೆ ತಾನು ನಡೆಯಬಲ್ಲ ವ್ಯವಸ್ಥೆ. ಇದನ್ನು ತಿಳಿದು ಜೋಡಿಸಿದರೆ ಹೊರಗಿನ ತೊಂದರೆ ಒಳಗಿನ ಕೆಲಸವನ್ನು ಕೆಡಿಸುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಇತಿಹಾಸವೂ ಈ ಮಾತನ್ನೇ ಹೇಳುತ್ತದೆ. ಇಂದು ನಾವು ಬಳಸುವ ತಂತಿಜಾಲದ ಮೂಲ ತಂತ್ರಜ್ಞಾನವಾದ ಎಥರ್ನೆಟ್ಟನ್ನು 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸತೊಡಗಿದಾಗ, ಅವರ ಮುಂದಿದ್ದ ಅಗತ್ಯಗಳಲ್ಲಿ ಒಂದು, ಕಟ್ಟಡದೊಳಗಿನ ಹಲವು ಕಂಪ್ಯೂಟರುಗಳು ಒಂದು ಲೇಸರ್ ಪ್ರಿಂಟರನ್ನು ಹಂಚಿಕೊಳ್ಳುವಂತೆ ಮಾಡುವುದಾಗಿತ್ತು. ಅದರ ಮೊದಲ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಜನಸಾಮಾನ್ಯರ ಬಳಕೆಯ ಅಂತರಜಾಲ ಆಗಿನ್ನೂ ಹುಟ್ಟಿರಲಿಲ್ಲ.

ಹಾಗಾದರೆ ಕಂಪ್ಯೂಟರಿಗೆ ಒಳಗು ಯಾವುದು, ಹೊರಗು ಯಾವುದು ಎಂದು ಗೊತ್ತಾಗುವುದು ಹೇಗೆ? ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ 192.168.1.10 ಎಂಬಂಥ ಒಂದು ಐಪಿ ವಿಳಾಸವಿರುತ್ತದೆ, ಅದರ ಜೊತೆಗೆ 255.255.255.0 ಎಂಬ ಸಬ್‌ನೆಟ್ ಮಾಸ್ಕ್ ಇರುತ್ತದೆ. ಈ ಮಾಸ್ಕಿನ ಅರ್ಥ ಇಷ್ಟೇ: ವಿಳಾಸದ ಮೊದಲ ಮೂರು ಸಂಖ್ಯೆಗಳು ತನ್ನಂತೆಯೇ ಇದ್ದರೆ ಆ ಯಂತ್ರ ಒಳಗಿನದು, ಬೇರೆಯಾಗಿದ್ದರೆ ಹೊರಗಿನದು. ಒಂದೊಂದು ಸಂದೇಶ ಕಳಿಸುವ ಮುನ್ನವೂ ಕಂಪ್ಯೂಟರ್ ಈ ಹೋಲಿಕೆಯನ್ನು ತಾನೇ ಮಾಡುತ್ತದೆ. ಹೊರಗಿನದಾದರೆ ಸಂದೇಶವನ್ನು, ಒಳಜಾಲವನ್ನು ಅಂತರಜಾಲಕ್ಕೆ ಬೆಸೆಯುವ ಪೆಟ್ಟಿಗೆಯಾದ ರೌಟರಿಗೆ ಒಪ್ಪಿಸುತ್ತದೆ. ಒಳಗಿನದಾದರೆ, "ಈ ವಿಳಾಸ ಯಾರದು?" ಎಂದು ಇಡೀ ಜಾಲಕ್ಕೆ ಕೇಳಿಸುವಂತೆ ಕೂಗಿ, ಉತ್ತರ ಕೊಟ್ಟ ಯಂತ್ರಕ್ಕೆ ನೇರವಾಗಿ ಕಳಿಸುತ್ತದೆ. ಈ ಎರಡನೆಯ ದಾರಿಯಲ್ಲಿ ಅಂತರಜಾಲಕ್ಕೆ ಯಾವ ಪಾತ್ರವೂ ಇಲ್ಲ. 192.168 ಎಂದು ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿರುವುದರಿಂದ, ದಾವಣಗೆರೆಯ ಅಂಗಡಿಯಲ್ಲೂ ಚಿತ್ರದುರ್ಗದ ಶಾಲೆಯಲ್ಲೂ ಒಂದೇ ವಿಳಾಸದ ಯಂತ್ರಗಳಿದ್ದರೆ ಯಾವ ಗೊಂದಲವೂ ಉಂಟಾಗುವುದಿಲ್ಲ.

ಯಂತ್ರಗಳೆಲ್ಲ ಬಂದು ಸೇರುವ ಪೆಟ್ಟಿಗೆಯ ಹೆಸರು ಸ್ವಿಚ್. ಎಂಟು ಪೋರ್ಟುಗಳ, ಅಂದರೆ ತಂತಿ ಚುಚ್ಚುವ ಕಿಂಡಿಗಳ, ಸಣ್ಣ ಸ್ವಿಚ್ ಒಂದು ಅಂಗಡಿಗೆ ಧಾರಾಳವಾಗಿ ಸಾಕು. ಅದರ ಕೆಲಸ ನೋಡಲು ಸರಳ, ಯೋಚಿಸಿದಷ್ಟೂ ಸೊಗಸು. ಪ್ರತಿ ಯಂತ್ರದ ಜಾಲ ಭಾಗಕ್ಕೂ ತಯಾರಕರು ಕೊಟ್ಟ 48 ಬಿಟ್‌ಗಳ ಮ್ಯಾಕ್ ವಿಳಾಸ ಒಂದಿರುತ್ತದೆ. ಯಾವ ಪೋರ್ಟಿನಿಂದ ಯಾವ ಮ್ಯಾಕ್ ವಿಳಾಸದ ಸಂದೇಶ ಬಂತು ಎಂಬುದನ್ನು ಸ್ವಿಚ್ ಗಮನಿಸಿ ಪಟ್ಟಿ ಮಾಡಿಕೊಳ್ಳುತ್ತದೆ. ಮುಂದೆ ಆ ಯಂತ್ರಕ್ಕೆಂದು ಬಂದ ಸಂದೇಶವನ್ನು ಅದೇ ಪೋರ್ಟಿಗೆ ಮಾತ್ರ ಬಿಡುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸವಾದರೆ ಎಲ್ಲ ಪೋರ್ಟುಗಳಿಗೂ ಕಳಿಸಿ, ಉತ್ತರ ಬಂದ ಕಡೆಯನ್ನು ಕಲಿತುಕೊಳ್ಳುತ್ತದೆ. ಯಾರೂ ಅದಕ್ಕೆ ಏನನ್ನೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಬಳಕೆಯಲ್ಲಿದ್ದ ಹಬ್ ಎಂಬ ಪೆಟ್ಟಿಗೆಗೆ ಈ ಕಲಿಕೆ ಇರಲಿಲ್ಲ. ಒಂದು ಯಂತ್ರದ ಮಾತನ್ನು ಎಲ್ಲರಿಗೂ ಕೇಳಿಸುತ್ತಿದ್ದುದರಿಂದ ಇಬ್ಬರು ಒಮ್ಮೆಲೇ ಮಾತಾಡಿದರೆ ಸಂದೇಶಗಳು ಡಿಕ್ಕಿಯಾಗುತ್ತಿದ್ದವು.

ತಂತಿಯ ವಿಷಯದಲ್ಲಿ ಜಿಪುಣತನ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾಲದ ಕೇಬಲ್ಲಿನೊಳಗೆ ಎಂಟು ಎಳೆಗಳಿದ್ದು, ಎರಡೆರಡರಂತೆ ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಅಂದಕ್ಕಾಗಿ ಇರುವುದಲ್ಲ. ಜೋಡಿಯ ಎರಡು ಎಳೆಗಳಲ್ಲಿ ಒಂದೇ ಸಂಕೇತ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ವಿದ್ಯುತ್ ಗದ್ದಲವು ಒತ್ತಾಗಿ ಹೆಣೆದ ಎರಡೂ ಎಳೆಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಆಚೆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ತಾನಾಗಿ ಅಳಿದುಹೋಗುತ್ತದೆ. ಈ ಉಪಾಯ ದೂರವಾಣಿಯ ಕಾಲದ್ದು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದ್ದರಿಂದಲೇ ತುದಿಯಲ್ಲಿ ಪ್ಲಗ್ ಕೂರಿಸುವಾಗ ಹೆಣಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಬಿಚ್ಚಬಾರದು. ಎಳೆಗಳ ಕ್ರಮವನ್ನು ಎರಡೂ ತುದಿಗಳಲ್ಲಿ ಒಂದೇ ರೀತಿ ಇಡಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಹೊಸ ಜಾಲ ಹಾಕಿಸಿದ ಮೇಲೂ ವೇಗ 100ರಲ್ಲೇ ನಿಂತಿದ್ದರೆ, ಯಾವುದೋ ಒಂದು ಎಳೆ ಪ್ಲಗ್ಗಿನಲ್ಲಿ ಸರಿಯಾಗಿ ಕೂತಿಲ್ಲವೇ ಎಂದು ಮೊದಲು ನೋಡಬೇಕು. ಒಂದು ಕೇಬಲ್ಲಿನ ಉದ್ದ 100 ಮೀಟರ್ ಮೀರಬಾರದು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲಿಗಿಂತ ಅಚ್ಚ ತಾಮ್ರದ ಕ್ಯಾಟ್-6 ದರ್ಜೆಯ ಕೇಬಲ್ ಕೊಳ್ಳುವುದು ಲೇಸು. ಗೋಡೆಯೊಳಗೆ ಹೋದ ತಂತಿಯನ್ನು ಮತ್ತೆ ಮತ್ತೆ ತೆಗೆದು ಹಾಕುವವರಿಲ್ಲ.

ಸಣ್ಣ ಕಚೇರಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಎರಡನೆಯ ರೌಟರಿನದು. ವೈಫೈ ಮಹಡಿಗೆ ತಲುಪಲಿಲ್ಲವೆಂದು ಇನ್ನೊಂದು ರೌಟರ್ ತಂದು, ಕೆಳಗಿನಿಂದ ಬಂದ ತಂತಿಯನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಸಂಪರ್ಕಕ್ಕೆಂದಿರುವ ಕಿಂಡಿಗೆ, ಚುಚ್ಚುತ್ತಾರೆ. ಅಂತರಜಾಲ ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಆ ಕ್ಷಣದಿಂದ ಮಹಡಿಯದು ಬೇರೆಯದೇ ಒಂದು ಜಾಲ. ಮಹಡಿಯ ಕಂಪ್ಯೂಟರುಗಳಿಗೆ ಕೆಳಗಿನ ಗುಮಾಸ್ತರ ಪ್ರಿಂಟರ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಮಹಡಿಯಲ್ಲಿಟ್ಟ ಕಡತಗಳು ಕೆಳಗಿನವರಿಗೆ ಸಿಗುವುದಿಲ್ಲ. ಪ್ರಿಂಟರ್ ಕೆಟ್ಟಿತೆಂದು ರಿಪೇರಿಯವರನ್ನು ಕರೆಸುವುದೂ ಉಂಟು. ಪರಿಹಾರ ಸುಲಭ: ಎರಡನೆಯ ರೌಟರಿಗೆ ಜಾಲದಲ್ಲಿ ಬೇರಾರಿಗೂ ಇಲ್ಲದ ವಿಳಾಸವೊಂದನ್ನು ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ಅದರಲ್ಲಿ ನಿಲ್ಲಿಸಿ, ತಂತಿಯನ್ನು ಒಳಗಿನ ಯಂತ್ರಗಳಿಗೆಂದಿರುವ ಲ್ಯಾನ್ ಪೋರ್ಟಿಗೆ ಹಾಕಿದರೆ ಅದು ಬರಿಯ ವೈಫೈ ಕೇಂದ್ರವಾಗಿ ಉಳಿಯುತ್ತದೆ. ಒಂದು ಜಾಲದಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಪ್ರಿಂಟರಿಗೂ ಕಡತಗಳಿರುವ ಕಂಪ್ಯೂಟರಿಗೂ ಎಂದೂ ಬದಲಾಗದ ವಿಳಾಸವನ್ನು ಆ ಒಬ್ಬರಲ್ಲೇ ಕಾಯ್ದಿರಿಸುವುದು ಒಳ್ಳೆಯದು. ಯಾವುದಾದರೂ ಯಂತ್ರ 169.254 ಎಂದು ಆರಂಭವಾಗುವ ವಿಳಾಸ ತೋರಿಸಿದರೆ, ಹಂಚುವವರಿಂದ ಅದಕ್ಕೆ ಉತ್ತರ ಬರದೆ ತನ್ನ ವಿಳಾಸವನ್ನು ತಾನೇ ಇಟ್ಟುಕೊಂಡಿದೆ ಎಂದು ತಿಳಿಯಬೇಕು.

ವೈಫೈ ಬೇಡವೆಂದಲ್ಲ, ಫೋನಿಗೂ ಲ್ಯಾಪ್‌ಟಾಪಿಗೂ ಅದೇ ಸರಿ. ಆದರೆ ಚಿತ್ರದುರ್ಗದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯನ್ನು ದಾಟುವಾಗ ರೇಡಿಯೊ ಅಲೆ ಬಹಳ ಸೊರಗುತ್ತದೆ, 2.4 ಗಿಗಾಹರ್ಟ್ಸ್ ಅಲೆಗಿಂತ 5 ಗಿಗಾಹರ್ಟ್ಸ್ ಅಲೆ ಇನ್ನೂ ಹೆಚ್ಚು. ಕಬ್ಬಿಣದ ರೋಲಿಂಗ್ ಷಟರ್ ಅದನ್ನು ಹೆಚ್ಚಾಗಿ ಹಿಂದಕ್ಕೇ ತಳ್ಳುತ್ತದೆ. ಜಾಗ ಬಿಟ್ಟು ಕದಲದ ಯಂತ್ರಗಳಿಗೆ ತಂತಿಯೇ ಮೇಲು.

ಲೆಕ್ಕದ ಮಾಹಿತಿ ಅಂಗಡಿಯದೇ ಒಂದು ಕಂಪ್ಯೂಟರಿನಲ್ಲಿದ್ದು ಉಳಿದವು ಅದನ್ನು ಜಾಲದ ಮೂಲಕ ಓದುವಂತಿದ್ದರೆ, ಹೊರಗಿನ ಸಂಪರ್ಕ ಇಲ್ಲದಾಗಲೂ ಬಿಲ್ಲು ಬರೆಯಬಹುದು, ದಾಸ್ತಾನು ನೋಡಬಹುದು. ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲನ್ನು ಅಂತರಜಾಲದಲ್ಲಿ ಪಡೆಯುವಂಥ ಕೆಲಸಗಳಷ್ಟೇ ಕಾಯಬೇಕಾಗುತ್ತದೆ. ಆ ಕಂಪ್ಯೂಟರಿನ ಮಾಹಿತಿಯ ಒಂದು ಪ್ರತಿಯನ್ನು ದಿನವೂ ಬೇರೆ ಡಿಸ್ಕಿಗೆ ತೆಗೆದಿಡಬೇಕು. ವಿದ್ಯುತ್ ಹೋದಾಗ ಕಂಪ್ಯೂಟರುಗಳಿಗೆ ಯುಪಿಎಸ್ ಇದ್ದು ಸ್ವಿಚ್ಚಿಗೆ ಇಲ್ಲದಿದ್ದರೆ ಜಾಲ ನಿಂತಂತೆಯೇ. ಸ್ವಿಚ್ ಬಳಸುವ ವಿದ್ಯುತ್ ಅತ್ಯಲ್ಪವಾದ್ದರಿಂದ ಅದನ್ನೂ ಅದೇ ಯುಪಿಎಸ್‌ಗೆ ಸೇರಿಸಿಬಿಡಬೇಕು.

ಅಂಗಡಿ ಒಂದು ಕಟ್ಟಡದಲ್ಲಿ, ಗೋದಾಮು ಬಯಲಿನಾಚೆಯ ಇನ್ನೊಂದು ಕಟ್ಟಡದಲ್ಲಿದ್ದರೆ ಮಾತ್ರ ತಾಮ್ರದ ತಂತಿಯನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಿಂಚಿನ ಮಳೆ ಬರುವುದು ಎಲ್ಲರಿಗೂ ಗೊತ್ತು. ಸಿಡಿಲು ತಂತಿಗೇ ಹೊಡೆಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಬಯಲಲ್ಲಿ ಚಾಚಿರುವ ತಾಮ್ರದಲ್ಲಿ ವಿದ್ಯುತ್ ಪ್ರೇರಣೆಯಾಗಿ ಎರಡೂ ತುದಿಗಳ ಸ್ವಿಚ್ಚುಗಳು ಸುಟ್ಟುಹೋಗಬಹುದು. ಎರಡು ಕಟ್ಟಡಗಳ ಭೂಸಂಪರ್ಕದ ವೋಲ್ಟೇಜ್‌ನಲ್ಲಿ ವ್ಯತ್ಯಾಸವಿದ್ದರೆ ಸಿಡಿಲಿಲ್ಲದೆಯೂ ತೊಂದರೆ ತಪ್ಪದು. ಆಪ್ಟಿಕಲ್ ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಬಲಕ್ಕೆಂದು ಸೇರಿಸಿದ ಲೋಹದ ತಂತಿಯಾಗಲಿ ಲೋಹದ ಕವಚವಾಗಲಿ ಇಲ್ಲದ ಫೈಬರ್ ಕೇಬಲ್ ಆರಿಸಿ, ಎರಡೂ ತುದಿಗಳಿಗೆ ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ವಿದ್ಯುತ್ ಸಂಕೇತವಾಗಿಯೂ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟು ಎಳೆಸಿದರೆ, ಈ ಕಡೆಯ ಸ್ವಿಚ್ಚಿಗೆ ಆದ ಹಾನಿ ಆ ತಂತಿಯ ಮೂಲಕ ಆ ಕಡೆಗೆ ದಾಟುವುದಿಲ್ಲ.