‘ಫಾರ್ಮ್ಯಾಟ್ ಡಿಸ್ಕ್’ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ

ಹಳೇ ಕಂಪ್ಯೂಟರ್ ಕೆಟ್ಟು ಕೂತಿದೆ. ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ, ಆನ್‌ಲೈನಿನಲ್ಲಿ ತರಿಸಿದ ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ, ಮಗಳ ಲ್ಯಾಪ್‌ಟಾಪಿಗೆ ಹಾಕುತ್ತಾರೆ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ವಿಂಡೋಸ್ ಒಂದು ಪುಟ್ಟ ಕಿಟಕಿ ತೆರೆದು, ಈ ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. ರಿಕವರಿಗೆಂದು ಬರುವ ಎಷ್ಟೋ ಡಿಸ್ಕುಗಳ ಗ್ರಹಚಾರ ಕೆಡುವುದು ಅಲ್ಲಿಂದಲೇ. ‘ಅದೇ ಕೇಳ್ತು ಸಾರ್, ಓಕೆ ಕೊಟ್ಟೆ’ ಅನ್ನುತ್ತಾರೆ. ಅವರನ್ನು ಬೈಯಲೂ ಮನಸ್ಸಾಗುವುದಿಲ್ಲ. ಹದಿನೈದು ವರ್ಷದ ಫೋಟೋಗಳನ್ನು ಅಳಿಸಲೇ ಎಂಬ ಪ್ರಶ್ನೆಯನ್ನು ಕಾಫಿ ಕುಡಿಯುತ್ತೀರಾ ಎಂಬ ಧಾಟಿಯಲ್ಲಿ ಕೇಳುವ ಸಾಫ್ಟ್‌ವೇರಿನ ಪಾಲೂ ಇದರಲ್ಲಿದೆ.

ಆ ಸಂದೇಶಕ್ಕೆ ಇರುವ ಅರ್ಥ ಇಷ್ಟೇ: ‘ಈ ಡಿಸ್ಕಿನ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ, ನನಗೆ ಓದಲಾಗುತ್ತಿಲ್ಲ.’ ಡಿಸ್ಕ್ ಖಾಲಿ ಎಂದಲ್ಲ, ಹಾಳಾಗಿದೆ ಎಂದೂ ಅಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನ ಡಿಸ್ಕ್ ಹಾಕಿದರೂ ವಿಂಡೋಸ್ ಎಷ್ಟೋ ಸಲ ಹೀಗೇ ಕೇಳುತ್ತದೆ. ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫೈಲ್ ಸಿಸ್ಟಮ್) ಇರುವ ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಒಂದು ಭಾಗದ, ಮೊದಲ ಸೆಕ್ಟರ್ (ಡಿಸ್ಕಿನ ಅತಿ ಚಿಕ್ಕ ತುಂಡು) ಒಂದು ಕೆಟ್ಟಿದ್ದರೂ ಕೇಳುತ್ತದೆ. ಆ ಸೆಕ್ಟರಿನ ನಕಲು ಪಾರ್ಟಿಷನ್ನಿನ ಕೊನೆಯಲ್ಲಿ ಇದ್ದೇ ಇರುತ್ತದೆ, ಅದರಿಂದ ಎಲ್ಲವನ್ನೂ ಹೆಸರು ಸಮೇತ ವಾಪಸ್ ಪಡೆಯಬಹುದು. ಆದರೆ ಫಾರ್ಮ್ಯಾಟ್ ಆ ನಕಲಿನ ಮೇಲೂ ಬರೆಯುತ್ತದೆ. ಕೆಲವು ಹಳೇ ಎಕ್ಸ್‌ಟರ್ನಲ್ ಡಿಸ್ಕುಗಳ ಡಬ್ಬಿ ಒಡೆದು ಒಳಗಿನ ಡ್ರೈವನ್ನು ನೇರವಾಗಿ ಕಂಪ್ಯೂಟರಿನ ಸಾಟಾ ಕನೆಕ್ಟರಿಗೆ ಹಾಕಿದಾಗಲೂ ಇದೇ ಪ್ರಶ್ನೆ ಬರುತ್ತದೆ, ಏಕೆಂದರೆ ಡಬ್ಬಿಯೊಳಗಿನ ಬೋರ್ಡು ಸೆಕ್ಟರ್ ಗಾತ್ರವನ್ನು ಬದಲಿಸಿ ತೋರಿಸುತ್ತಿತ್ತು ಅಥವಾ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತಿತ್ತು. ಆ ಬೋರ್ಡನ್ನು ಕಸಕ್ಕೆ ಹಾಕಬೇಡಿ.

ಫಾರ್ಮ್ಯಾಟ್ ಮಾಡಿದರೂ ರಿಕವರಿ ಆಗುತ್ತದಂತಲ್ಲ ಎಂಬ ವಾದ ಕೆಲವರದು. ಸ್ವಲ್ಪ ಮಟ್ಟಿಗೆ ನಿಜ, ಆದರೆ ಎಷ್ಟು ಎಂದು ತಿಳಿದಿರಲಿ. ಫೈಲ್ ಟೇಬಲ್ ಎಂದರೆ ಪಂಚಾಯ್ತಿಯ ಖಾತೆ ಪುಸ್ತಕ ಇದ್ದಂತೆ. ಪುಸ್ತಕ ಸುಟ್ಟರೂ ಜಮೀನು ಅಲ್ಲೇ ಇರುತ್ತದೆ, ಯಾರದು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮಾತ್ರ ಹೋಗುತ್ತದೆ. ಕ್ವಿಕ್ ಫಾರ್ಮ್ಯಾಟ್ ಸುಡುವುದು ಈ ಪುಸ್ತಕವನ್ನು. ಎನ್‌ಟಿಎಫ್‌ಎಸ್ ಮೇಲೆ ಎನ್‌ಟಿಎಫ್‌ಎಸ್ ಆದರೆ ಹೊಸ ಟೇಬಲ್ ಸಾಮಾನ್ಯವಾಗಿ ಹಳೆಯದು ಇದ್ದ ಜಾಗದಲ್ಲೇ ಕೂರುತ್ತದೆ. ಹೊಸದು ಚಿಕ್ಕದಿರುವುದರಿಂದ ಹಳೆಯದರ ಆರಂಭ ಮಾತ್ರ ಅಳಿಸಿ ಉಳಿದದ್ದು ಸಿಗುವ ಸಾಧ್ಯತೆ ಚೆನ್ನಾಗಿದೆ. ಫ್ಯಾಟ್32 ಎಂಬ ಹಳೇ ಫೈಲ್ ಸಿಸ್ಟಮ್ ಆದರೆ ಟೇಬಲ್ಲಿನ ಎರಡೂ ಪ್ರತಿ ಸೊನ್ನೆಯಾಗುತ್ತವೆ, ಹತ್ತಾರು ಕಡೆ ತುಂಡಾಗಿ ಕೂತಿದ್ದ ಫೈಲುಗಳನ್ನು ಜೋಡಿಸುವುದು ಬಹುತೇಕ ಆಗದ ಮಾತು. ಇನ್ನು ‘ಕ್ವಿಕ್ ಫಾರ್ಮ್ಯಾಟ್’ ಮುಂದಿನ ಟಿಕ್ ತೆಗೆದು, ಪೂರ್ತಿ ಮಾಡಿದರೆ ಡಿಸ್ಕ್ ಚೆನ್ನಾಗಿ ಆಗುತ್ತದೆ ಎಂದುಕೊಂಡವರ ಪಾಡು ಬೇರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಫುಲ್ ಫಾರ್ಮ್ಯಾಟ್ ಕೆಟ್ಟ ಸೆಕ್ಟರುಗಳನ್ನು ಹುಡುಕುತ್ತಿತ್ತು, ಅಷ್ಟೇ. ವಿಸ್ಟಾದಿಂದ ಈಚೆಗೆ ಅದು ಇಡೀ ಪಾರ್ಟಿಷನ್ನಿನ ಮೇಲೆ ಸೊನ್ನೆ ಬರೆಯುತ್ತದೆ. ಅದು ಮುಗಿದ ಮೇಲೆ ಯಾವ ಲ್ಯಾಬ್‌ಗೆ ಕಳಿಸಿದರೂ ಏನೂ ಸಿಗದು. ಎಸ್‌ಎಸ್‌ಡಿಯಲ್ಲಿ ಕ್ವಿಕ್ ಕೂಡ ಸುರಕ್ಷಿತವಲ್ಲ: ಈ ಜಾಗ ಇನ್ನು ಬೇಡ ಎನ್ನುವ ಟ್ರಿಮ್ ಆದೇಶ ಹೋಗಿಬಿಟ್ಟರೆ ಡ್ರೈವ್ ತಾನೇ ಒಳಗೊಳಗೆ ಎಲ್ಲ ಖಾಲಿ ಮಾಡಿಕೊಳ್ಳುತ್ತದೆ.

ಅಂದಹಾಗೆ, ‘ಫಾರ್ಮ್ಯಾಟ್ ಡಿಸ್ಕ್’ ಒತ್ತಿದ ಕೂಡಲೇ ಡೇಟಾ ಹೋಗುವುದಿಲ್ಲ. ಇನ್ನೊಂದು ಕಿಟಕಿ ತೆರೆಯುತ್ತದೆ, ಅಲ್ಲಿ ಸ್ಟಾರ್ಟ್ ಒತ್ತಬೇಕು, ಎಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಗೂ ಓಕೆ ಅನ್ನಬೇಕು. ಅಲ್ಲಿಯವರೆಗೂ ಕ್ಲೋಸ್ ಮಾಡಿ ಬಚಾವಾಗಬಹುದು.

ಫಾರ್ಮ್ಯಾಟ್ ಎಲ್ಲರಿಗೂ ಕಾಣುವ ಬರವಣಿಗೆ. ಕಾಣದವು ಇನ್ನೂ ಇವೆ, ಅವೇ ಹೆಚ್ಚು ಕಾಡುತ್ತವೆ. ಹಳೇ ಡಿಸ್ಕಿಗೆ ಒಂದು ಅಕ್ಷರವೂ ಬರೆಯಬೇಡಿ ಎಂದರೆ ‘ನಾನೇನೂ ಬರೆದಿಲ್ಲ, ಬರೀ ನೋಡಿದೆ’ ಅನ್ನುತ್ತಾರೆ. ನೋಡಿದ್ದು ಹೇಗೆ? ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಡಿಸ್ಕನ್ನು ಇನಿಷಿಯಲೈಸ್ ಮಾಡಿ, ಎಂಬಿಆರ್ ಬೇಕೋ ಜಿಪಿಟಿ ಬೇಕೋ (ಪಾರ್ಟಿಷನ್ ಪಟ್ಟಿಯ ಎರಡು ಬಗೆ) ಎಂದು ಕೇಳಿತು, ಒಂದನ್ನು ಆರಿಸಿದರು. ಅದು ಮೊದಲ ಸೆಕ್ಟರಿನ ಮೇಲೆ ಬರವಣಿಗೆ. ಹಳೇ ಯೂಸರ್ ಫೋಲ್ಡರ್ ತೆರೆಯಲು ಹೋದಾಗ ನಿಮಗೆ ಅನುಮತಿ ಇಲ್ಲ ಎಂದಿತು, ಕಂಟಿನ್ಯೂ ಒತ್ತಿದರು. ಆಗ ಆ ಫೋಲ್ಡರಿನ ಒಳಗಿನ ಸಾವಿರಾರು ಫೈಲುಗಳ ಅನುಮತಿ ಪಟ್ಟಿಯನ್ನು ವಿಂಡೋಸ್ ಒಂದೊಂದಾಗಿ ತಿದ್ದುತ್ತದೆ. ಅದೂ ಬರವಣಿಗೆ, ಸಾಯುತ್ತಿರುವ ಡಿಸ್ಕಿನ ಮೇಲಂತೂ ಭಾರೀ ಹೊರೆ. ಡಿಸ್ಕನ್ನು ನೇರ ಮದರ್‌ಬೋರ್ಡಿಗೆ ಹಾಕಿ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಡಿಸ್ಕ್ ತಪಾಸಣೆಯ ಕೌಂಟ್‌ಡೌನ್ ಬಂತು, ಸುಮ್ಮನೆ ನೋಡುತ್ತಾ ಕೂತರು. ಅದು ಚೆಕ್‌ಡಿಸ್ಕ್. ಅದರ ನಿಷ್ಠೆ ಫೈಲ್ ಸಿಸ್ಟಮ್ ಸುಸಂಗತವಾಗಿರಬೇಕು ಎಂಬುದಕ್ಕೆ, ನಿಮ್ಮ ಫೈಲುಗಳಿಗಲ್ಲ. ಹೊಂದದ ನಮೂದುಗಳನ್ನು ಕಿತ್ತು, ಉಳಿದ ತುಣುಕುಗಳನ್ನು ಹೆಸರಿಲ್ಲದ ಸಿಎಚ್‌ಕೆ ಫೈಲುಗಳಾಗಿ ಒಂದು ಫೋಲ್ಡರಿಗೆ ತುಂಬುತ್ತದೆ. ಕೌಂಟ್‌ಡೌನ್ ಮುಗಿಯುವ ಮೊದಲು ಯಾವುದಾದರೂ ಕೀ ಒತ್ತಿದರೆ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದು: ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ, ಸಿಕ್ಕಿದ ಫೈಲುಗಳನ್ನು ಅದೇ ಡಿಸ್ಕಿಗೆ ಸೇವ್ ಮಾಡುವುದು. ಮೊದಲ ನೂರು ಫೋಟೋ ಉಳಿಸುವಾಗ ಇನ್ನೂ ಸಿಗಬೇಕಿದ್ದ ನೂರು ಫೋಟೋಗಳ ಮೇಲೆ ಬರೆದಿರುತ್ತಾರೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಹಳೇ ಡಿಸ್ಕಿನ ಇಡೀ ಪ್ರತಿಯನ್ನು, ಸೆಕ್ಟರಿಗೆ ಸೆಕ್ಟರ್, ಇನ್ನೊಂದು ಡಿಸ್ಕಿಗೆ ಒಂದೇ ಫೈಲಾಗಿ ಇಳಿಸಿಕೊಳ್ಳಿ. ಹುಡುಕುವುದು, ರಿಪೇರಿ, ಪ್ರಯೋಗ ಎಲ್ಲ ಆ ಪ್ರತಿಯ ಮೇಲೆ. ಮೂಲ ಡಿಸ್ಕ್ ಕಪಾಟಿಗೆ.

ಜೋಡಿಸುವ ವಿಷಯ ಬೇಗ ಮುಗಿಸುತ್ತೇನೆ. ಅಗಲವಾದ 40 ಪಿನ್ನಿನ ಕನೆಕ್ಟರ್ ಇದ್ದರೆ ಐಡಿಇ, ಹಳೇ ಲ್ಯಾಪ್‌ಟಾಪಿನದಾದರೆ 44 ಪಿನ್ನು. ಎಲ್ ಆಕಾರದ ಎರಡು ತೆಳು ಕನೆಕ್ಟರ್ ಇದ್ದರೆ ಸಾಟಾ. ಎರಡಕ್ಕೂ ಆಗುವ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಜೊತೆಗೆ 12 ವೋಲ್ಟ್ 2 ಆಂಪಿಯರಿನ ಪವರ್ ಅಡಾಪ್ಟರ್ ಇರುವುದನ್ನೇ ಕೊಳ್ಳಿ, ಏಕೆಂದರೆ ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್ ಯುಎಸ್‌ಬಿಯ 5 ವೋಲ್ಟಿನಿಂದ ತಿರುಗುವುದೇ ಇಲ್ಲ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದು ತಿರುಗುತ್ತದೆ. ಆದರೆ ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆಂಪಿಯರ್, ಶುರುವಾಗುವಾಗ ಡಿಸ್ಕ್ ಅದಕ್ಕಿಂತ ಹೆಚ್ಚು ಕೇಳಬಹುದು. ಆಗ ಟಿಕ್ ಟಿಕ್ ಎಂದು ನಿಲ್ಲುತ್ತದೆ, ಜನ ಡಿಸ್ಕ್ ಸತ್ತಿತು ಅನ್ನುತ್ತಾರೆ. ಮೊದಲು ಬೇರೆ ಪೋರ್ಟ್, ಬೇರೆ ಕೇಬಲ್ ನೋಡಿ. ಐಡಿಇ ಡಿಸ್ಕಿನ ಜಂಪರ್ ಮಾಸ್ಟರಿನಲ್ಲಿರಲಿ. ವೆಸ್ಟರ್ನ್ ಡಿಜಿಟಲ್‌ನ ಹಳೇ ಐಡಿಇ ಡಿಸ್ಕ್ ಒಂಟಿಯಾಗಿದ್ದರೆ ಜಂಪರ್ ಪೂರ್ತಿ ತೆಗೆಯಬೇಕು. ಇನ್ನೊಂದು: ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರಿನ ಪಿನ್ನು ಡಿಸ್ಕ್ ಕೂರಿಸುವ ಕೆಲವು ಡಾಕುಗಳ ತೂತಿಗೆ ಸಲೀಸಾಗಿ ಹೋಗುತ್ತದೆ. ಹೋಗುತ್ತದೆ ಎಂದು ಹಾಕಬೇಡಿ, ಡಿಸ್ಕಿನ ಬೋರ್ಡು ಸುಡುತ್ತದೆ.

ಈಗ ಕಿವಿ ಕೊಡಿ. ಸರಿಯಾದ ಪವರ್ ಇದ್ದೂ ಒಂದೇ ಲಯದಲ್ಲಿ ಟಕ್ ಟಕ್ ಬಡಿಯುತ್ತಿದ್ದರೆ, ಕೀರಲು ಸದ್ದಿದ್ದರೆ, ತಿರುಗದೆ ಬೀಪ್ ಅನ್ನುತ್ತಿದ್ದರೆ ತಕ್ಷಣ ಆಫ್ ಮಾಡಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಫ್ರೀಜರಿನಲ್ಲಿಡುವ ಸಲಹೆ ಇನ್ನೂ ಓಡಾಡುತ್ತಿದೆ, ಹೊರಗೆ ತೆಗೆದಾಗ ಒಳಗಿನ ತಟ್ಟೆಯ (ಪ್ಲ್ಯಾಟರ್) ಮೇಲೆ ತೇವ ಕೂರುತ್ತದೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡು ಬಿಚ್ಚಿ ಹಾಕುವುದೂ ಈಗಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಬೋರ್ಡಿನ ಆರ್‌ಒಎಂ (ROM) ಚಿಪ್ಪಿನಲ್ಲಿರುತ್ತದೆ, ಅದನ್ನೂ ಬಿಡಿಸಿ ಬೆಸೆಯಬೇಕು. ಕರಾವಳಿ, ಮಲೆನಾಡಿನ ಕಡೆ ವರ್ಷಗಟ್ಟಲೆ ಅಟ್ಟದಲ್ಲಿದ್ದ ಡಿಸ್ಕುಗಳಲ್ಲಿ ಬೋರ್ಡಿನ ಅಡಿಯ ಸಂಪರ್ಕ ಬಿಂದುಗಳು ತೇವಕ್ಕೆ ಕಪ್ಪಾಗಿರುವುದುಂಟು. ಅದನ್ನು ಬೋರ್ಡು ಬಿಚ್ಚಿ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯಬಹುದು, ಆದರೆ ಟಾರ್ಕ್ಸ್ ಸ್ಕ್ರೂ ಡ್ರೈವರ್ ಹಿಡಿದು ರೂಢಿ ಇರುವವರ ಕೈಯಲ್ಲಿ.

ಸದ್ದು ಸರಿಯಿದ್ದರೆ ಪ್ರತಿ ತೆಗೆಯೋಣ. ಇದನ್ನು ವಿಂಡೋಸಿನಲ್ಲಿ ಮಾಡಬೇಡಿ. ಒಂದು ಪೆನ್ ಡ್ರೈವಿಗೆ ‘ಸಿಸ್ಟಮ್‌ರೆಸ್ಕ್ಯೂ’ ಎಂಬ ಉಚಿತ ಲಿನಕ್ಸ್ ಹಾಕಿ ಅದರಿಂದ ಬೂಟ್ ಮಾಡಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಿಸ್ಟಮ್ ಬೂಟ್ ಆಗದಂತೆ ತಡೆಯುವ ಕಂಪ್ಯೂಟರಿನ ಸೆಟ್ಟಿಂಗ್) ಆಫ್ ಮಾಡಬೇಕಾಗಬಹುದು. ಅದಕ್ಕೂ ಮುಂಚೆ ಈ ಹೊಸ ಕಂಪ್ಯೂಟರಿನ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸಿನ ಬೀಗ) ರಿಕವರಿ ಕೀ, ಅಂದರೆ 48 ಅಂಕಿಯ ಸಂಖ್ಯೆ, ಮೈಕ್ರೋಸಾಫ್ಟ್ ಅಕೌಂಟಿನಿಂದ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹಳೇ ಡೇಟಾ ಹುಡುಕಲು ಹೋಗಿ ಹೊಸದಕ್ಕೂ ಬೀಗ ಬಿದ್ದೀತು. ಪ್ರತಿ ಇಳಿಸುವ ಡಿಸ್ಕಿನಲ್ಲಿ ಹಳೇ ಡಿಸ್ಕಿನ ಪೂರ್ತಿ ಗಾತ್ರಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ಹಳೆಯದರಲ್ಲಿ ತುಂಬಿದ್ದು 60 ಜಿಬಿಯೇ ಇದ್ದರೂ ಡಿಸ್ಕ್ 500 ಜಿಬಿಯದಾದರೆ 500ಕ್ಕಿಂತ ಹೆಚ್ಚೇ ಬೇಕು. ಅದು ಫ್ಯಾಟ್32 ಆಗಿರಬಾರದು, 4 ಜಿಬಿ ದಾಟಿದ ಫೈಲನ್ನು ಅದು ಹಿಡಿಯುವುದಿಲ್ಲ.

ಲಿನಕ್ಸಿನ ಎಲ್‌ಎಸ್‌ಬಿಎಲ್‌ಕೆ ಆದೇಶ ಡಿಸ್ಕುಗಳ ಪಟ್ಟಿ ಕೊಡುತ್ತದೆ. ಮಾಡೆಲ್ ಮತ್ತು ಸೀರಿಯಲ್ ನಂಬರನ್ನೂ ತೋರಿಸಲು ಹೇಳಿ, ಡಿಸ್ಕಿನ ಮೇಲಿನ ಲೇಬಲ್ಲಿನ ಜೊತೆ ತಾಳೆ ನೋಡಿ. ಗಾತ್ರ ನೋಡಿ ಗುರುತಿಸುವುದು ಸಾಲದು. ಎರಡೂ 500 ಜಿಬಿ ಇದ್ದಾಗ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಎಲ್ಲ ಮುಗಿಯಿತು. ಆಮೇಲೆ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಆದೇಶ. ಅದಕ್ಕೆ ಮೂರು ಹೆಸರು ಈ ಕ್ರಮದಲ್ಲೇ ಕೊಡಬೇಕು: ಹಳೇ ಡಿಸ್ಕ್, ಇಮೇಜ್ ಫೈಲ್ (ಪ್ರತಿ ಇಳಿಯುವ ಫೈಲ್), ಮ್ಯಾಪ್ ಫೈಲ್. ಮೊದಲ ಸುತ್ತು ‘ಎನ್’ ಆಯ್ಕೆಯೊಡನೆ ಓಡಿಸಿ. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಆಮೇಲಿಗೆ ಬಿಡುತ್ತದೆ. ಎರಡನೇ ಸುತ್ತಿನಲ್ಲಿ ‘ಡಿ’ ಮತ್ತು ‘ಆರ್3’ ಕೊಟ್ಟರೆ ಬಿಟ್ಟ ಜಾಗಗಳನ್ನು ಮೂರು ಬಾರಿ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಮರೆತರೆ ಇದರ ಅರ್ಧ ಉಪಯೋಗವೇ ಹೋಯಿತು. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕ ಅದರಲ್ಲಿರುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಹೋಗೇ ಹೋಗುತ್ತದೆ, ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿ ನಂಬದೆ ಡಿಸ್ಕಿನ ಅಡಾಪ್ಟರನ್ನೂ ಯುಪಿಎಸ್‌ಗೆ ಹಾಕಿ. ಯುಎಸ್‌ಬಿ 2.0 ಮೂಲಕ ಸೆಕೆಂಡಿಗೆ 30 ಎಂಬಿ ಆಸುಪಾಸು, ಅಂದರೆ 500 ಜಿಬಿಗೆ ನಾಲ್ಕೂವರೆಯಿಂದ ಐದು ಗಂಟೆ. 80 ಜಿಬಿಯ ಹಳೇ ಡಿಸ್ಕಿಗೆ ಮುಕ್ಕಾಲು ಗಂಟೆ. ಇದು ಆರೋಗ್ಯವಾಗಿರುವ ಡಿಸ್ಕಿನ ಲೆಕ್ಕ. ಕೆಟ್ಟ ಸೆಕ್ಟರುಗಳು ಸಿಕ್ಕರೆ ದಿನಗಳೇ ಹಿಡಿಯಬಹುದು. ಯುಎಸ್‌ಬಿ ಅಡಾಪ್ಟರ್ ಪದೇಪದೇ ಸಂಪರ್ಕ ಕಳೆದುಕೊಂಡರೆ ಡೆಸ್ಕ್‌ಟಾಪಿನ ಸಾಟಾ ಪೋರ್ಟಿಗೇ ನೇರ ಹಾಕಿ. ಅರ್ಧಕ್ಕೆ ಬಡಿತದ ಸದ್ದು ಶುರುವಾದರೆ ನಿಲ್ಲಿಸಿ. ಬಂದಷ್ಟು ಬಂತು, ಉಳಿದದ್ದು ಲ್ಯಾಬಿನವರಿಗೆ.

ಇಮೇಜ್ ಕೈಗೆ ಬಂದ ಮೇಲೆ ಧೈರ್ಯವಾಗಿ ವಿಂಡೋಸಿಗೆ ಮರಳಬಹುದು. ಓಎಸ್‌ಎಫ್‌ಮೌಂಟ್ ಎಂಬ ಸಾಫ್ಟ್‌ವೇರ್ ಅದನ್ನು ರೀಡ್ ಓನ್ಲಿ ಡ್ರೈವಾಗಿ ತೋರಿಸುತ್ತದೆ. ಎಷ್ಟೋ ಸಲ 7-ಜಿಪ್ ಕೂಡ ತೆರೆಯುತ್ತದೆ. ಪಾರ್ಟಿಷನ್ ಕಾಣದಿದ್ದರೆ ಅದನ್ನು ಹುಡುಕಿಕೊಡುವ ಟೆಸ್ಟ್‌ಡಿಸ್ಕ್. ಅದೂ ಆಗದಿದ್ದರೆ ಕೊನೆಗೆ ಫೋಟೋರೆಕ್: ಇದು ಫೈಲಿನ ಒಳಗಿನ ಗುರುತು ನೋಡಿ ಹೆಕ್ಕುತ್ತದೆ, ಹೆಸರು, ಫೋಲ್ಡರ್ ಎರಡೂ ಉಳಿಯುವುದಿಲ್ಲ. ಮೊದಲಿಗೇ ಇದನ್ನು ಓಡಿಸಿ ಹೆಸರಿಲ್ಲದ ಲಕ್ಷ ಫೈಲುಗಳ ರಾಶಿ ಮುಂದಿಟ್ಟುಕೊಂಡು ಕೂತವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಹಳೇ ಡಿಸ್ಕಿಗೇ ಬಿಟ್‌ಲಾಕರ್ ಇದ್ದರೆ ಅದರ ಕೀ ಇಲ್ಲದೆ ಈ ಯಾವ ಸಾಧನವೂ ನಡೆಯದು.

ಏನನ್ನು ತೆಗೆಯಬೇಕು ಎಂಬುದರಲ್ಲೂ ಎಡವುತ್ತಾರೆ. ಎಕ್ಸ್‌ಪಿ ಆದರೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’, ಆಮೇಲಿನವು ಆದರೆ ‘ಯೂಸರ್ಸ್’. ಅಲ್ಲಿಗೆ ಮುಗಿಯಲಿಲ್ಲ. ಟ್ಯಾಲಿಯ ಲೆಕ್ಕ ಎಷ್ಟೋ ಸಲ ಟ್ಯಾಲಿ ಫೋಲ್ಡರಿನೊಳಗಿನ ಡೇಟಾದಲ್ಲಿ 10000 ಥರದ ಐದಂಕಿ ಹೆಸರಿನ ಫೋಲ್ಡರುಗಳಲ್ಲಿ ಇರುತ್ತದೆ, ಆ ಫೋಲ್ಡರನ್ನು ಇಡಿಯಾಗಿ ಎತ್ತಿ. ಔಟ್‌ಲುಕ್‌ನ ಮೇಲ್ ತುಂಬಿದ ಪಿಎಸ್‌ಟಿ ಫೈಲ್ ಅಡಗಿಸಿಟ್ಟ ಫೋಲ್ಡರಿನಲ್ಲಿರಬಹುದು, ಹೆಸರಿನಿಂದ ಹುಡುಕಿ.

ಇನ್ನು ಕನ್ನಡದ ಕಡತಗಳು. ಡಿಟಿಪಿ ಅಂಗಡಿ, ಮುದ್ರಣಾಲಯ, ಸಣ್ಣ ಪತ್ರಿಕೆಗಳ ಡಿಸ್ಕಿನಲ್ಲಿ ವರ್ಷಗಳ ಕೆಲಸ ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇರುತ್ತದೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ ಫಾಂಟುಗಳು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ‘ಫೈಲ್ ಎಲ್ಲಾ ಕರಪ್ಟ್ ಆಗಿದೆ ಸಾರ್’ ಎಂದು ಡಿಲೀಟ್ ಮಾಡುವವರು ಇದ್ದಾರೆ. ಕರಪ್ಟ್ ಆಗಿರುವುದಿಲ್ಲ. ಹಳೇ ಇಮೇಜಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ, ಬೇಕಾದ ಫಾಂಟ್ ಇನ್‌ಸ್ಟಾಲ್ ಮಾಡಿ, ಅದೇ ವರ್ಡ್ ಫೈಲನ್ನು ಮತ್ತೆ ತೆರೆದು ನೋಡಿ. ಓದಲು ಬಂದ ಮೇಲೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ತಪ್ಪುವುದರಿಂದ ಮೂಲ ಫೈಲನ್ನೂ ಜೊತೆಗಿಟ್ಟುಕೊಂಡಿರಿ.