ಪಾದದಲ್ಲಿ ಗಂಟು, ಸೊಂಟದಲ್ಲಿ ನೋವು

ಕೂತರೆ ಏಳಲು ಬಾರದು. ಮೆಟ್ಟಿಲು ಹತ್ತಬೇಕಾದರೆ ಕಂಬಿ ಬೇಕು. ರಾತ್ರಿ ಮಗ್ಗುಲು ಬದಲಿಸಿದರೆ ಪಕ್ಕೆಲುಬು ಚುಚ್ಚುತ್ತದೆ. ಬಾಗಲಕೋಟೆ, ವಿಜಯಪುರ ಕಡೆ ಇಂಥ ನೋವಿಗೆ ಹೆಸರುಗಳು ಸಿದ್ಧವಾಗಿಯೇ ಇವೆ: ವಾತ, ಬೋರಿನ ನೀರು, ಇಲ್ಲವೇ ವಿಟಮಿನ್ ಡಿ ಕೊರತೆ. ಬಹುತೇಕರ ವಿಷಯದಲ್ಲಿ ಇವುಗಳಲ್ಲೊಂದು ನಿಜವೂ ಹೌದು. ಎಲ್ಲೋ ಒಬ್ಬರಿಗೆ ಮಾತ್ರ ಪಾದದಲ್ಲೋ, ತೊಡೆಯಲ್ಲೋ, ಮೂಗಿನ ಹಿಂದಿನ ಸೈನಸ್ಸಿನಲ್ಲೋ ಅಡಿಕೆಯಷ್ಟು ಗಂಟೊಂದು ಅಡಗಿರುತ್ತದೆ. ಅದು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಅತಿಯಾಗಿ ರಕ್ತಕ್ಕೆ ಬಿಡುತ್ತದೆ. ಅದರಿಂದ ಮೂತ್ರಪಿಂಡ ಫಾಸ್ಫೇಟನ್ನು ಹಿಡಿದಿಡದೆ ಮೂತ್ರಕ್ಕೆ ಹರಿಯಬಿಡುತ್ತದೆ. ಫಾಸ್ಫೇಟ್ ಸಿಗದ ಎಲುಬು ಮೆತ್ತಗಾಗಿ ಬಿರುಕು ಬಿಡುತ್ತದೆ.

ಗಡ್ಡೆಯಿಂದ ಬರುವ ಈ ಆಸ್ಟಿಯೋಮಲೇಸಿಯಾ, ಅಂದರೆ ಎಲುಬು ಮೆತ್ತಗಾಗುವ ರೋಗ, ಮೊದಲ ಸಲ ದಾಖಲಾಗಿ ಮುಕ್ಕಾಲು ಶತಮಾನವಾಯಿತು. 1947ರಲ್ಲಿ ಬ್ರಿಟನ್ನಿನ ವೈದ್ಯ ಮೆಕ್ಯಾನ್ಸ್ ವಿಟಮಿನ್ ಡಿಗೆ ಜಗ್ಗದ ರೋಗಿಯೊಬ್ಬರ ಬಗ್ಗೆ ಬರೆದರು. ತೊಡೆ ಎಲುಬಿನ ಗಡ್ಡೆ ತೆಗೆದ ಮೇಲೆ ರೋಗಿ ಗುಣವಾದರು, ಆದರೆ ಗಡ್ಡೆಯೇ ಮೂಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಆ ಕೊಂಡಿ ಜೋಡಿಸಿದ್ದು 1959ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಪ್ರೇಡರ್. ಗಡ್ಡೆ ಬಿಡುವ ಹಾರ್ಮೋನು ಎಫ್‌ಜಿಎಫ್-23 ಎಂದು ತಿಳಿದದ್ದು 2001ರಲ್ಲಿ. ಕಾರಣ ಗೊತ್ತಾದರೂ ಗಂಟು ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ತಲೆನೋವಾಗಿ ಉಳಿಯಿತು. ಎಕ್ಸ್‌ರೇ, ಸಿಟಿ, ಎಂಆರ್‌ಐಗಳು ಆಕಾರ ತೋರಿಸುತ್ತವೆ. ಎಲ್ಲಿ ನೋಡಬೇಕೆಂದೇ ಗೊತ್ತಿಲ್ಲದಾಗ ತಲೆಯಿಂದ ಕಾಲಿನವರೆಗಿನ ಸಾವಿರಾರು ಚಿತ್ರಗಳಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು ಕಣ್ತಪ್ಪಿ ಹೋಗುತ್ತದೆ.

ಇಲ್ಲಿ ನೆರವಿಗೆ ಬಂದದ್ದು ನ್ಯೂಕ್ಲಿಯರ್ ಮೆಡಿಸಿನ್. ಅದರ ಕೆಲಸವೇ ಬೇರೆ: ಜೀವಕೋಶ ಏನನ್ನು ಹೀರುತ್ತದೋ ಅದಕ್ಕೆ ಒಂದಿಷ್ಟು ವಿಕಿರಣಶೀಲ ವಸ್ತು ಅಂಟಿಸಿ ನರಕ್ಕೆ ಚುಚ್ಚುವುದು, ಆಮೇಲೆ ಎಲ್ಲಿಂದ ಕಿರಣ ಬರುತ್ತದೆ ಎಂದು ಹೊರಗಿನಿಂದ ನೋಡುವುದು. ವಿಜ್ಞಾನಿ ಹೆವೆಶಿ 1923ರಲ್ಲಿ ವಿಕಿರಣಶೀಲ ಸೀಸದ ಜಾಡು ಹಿಡಿದು ಗಿಡದೊಳಗಿನ ಚಲನೆ ನೋಡಿದ್ದೇ ಇದರ ಬೀಜ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಪೆರಿಯೆ ಮತ್ತು ಸೆಗ್ರೆ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವನ್ನು ಕಂಡುಹಿಡಿದರು. 1950ರ ದಶಕದ ಕೊನೆಗೆ ಹ್ಯಾಲ್ ಆಂಗರ್ ಮೈಯೊಳಗಿಂದ ಬರುವ ಕಿರಣಗಳನ್ನು ಚಿತ್ರವಾಗಿಸುವ ಗಾಮಾ ಕ್ಯಾಮೆರಾ ಕಟ್ಟಿದರು, ಅದೇ ಹೊತ್ತಿಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಟೆಕ್ನೀಷಿಯಂ ತೆಗೆಯುವ ಡಬ್ಬಿ, ಅಂದರೆ ಜನರೇಟರ್, ಸಿದ್ಧವಾಯಿತು.

ಈ ಜನರೇಟರ್ ಇಲ್ಲದಿದ್ದರೆ ರಿಯಾಕ್ಟರಿನಿಂದ ದೂರದ ಯಾವ ಊರಿಗೂ ಈ ವಿದ್ಯೆ ಬರುತ್ತಿರಲಿಲ್ಲ. ಟೆಕ್ನೀಷಿಯಂ-99ಎಂ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಮುಂಬೈಯಲ್ಲಿ ರಾತ್ರಿ ಲಾರಿಗೆ ಹಾಕಿದರೆ 12 ಗಂಟೆ ಬಿಟ್ಟು ಉಳಿಯುವುದು ಕಾಲು ಪಾಲು. ಅದು ಹುಟ್ಟುವುದು ಮಾಲಿಬ್ಡಿನಂ-99ರಿಂದ, ಈ ತಾಯಿ ಅರ್ಧಕ್ಕಿಳಿಯಲು 66 ಗಂಟೆ. ತಾಯಿಯನ್ನೇ ಸೀಸದ ಡಬ್ಬಿಯಲ್ಲಿ ಕಳಿಸಿದರೆ ವಾರವಿಡೀ ಮಗಳನ್ನು ತೆಗೆಯಬಹುದು. ಡಬ್ಬಿಯೊಳಗೆ ಅಲ್ಯುಮಿನಾ ತುಂಬಿದ ಸಣ್ಣ ಕೊಳವೆ. ಒಂದು ಮುಳ್ಳಿಗೆ ಸಲೈನ್ ಬಾಟಲಿ, ಇನ್ನೊಂದಕ್ಕೆ ಗಾಳಿ ತೆಗೆದ ಬಾಟಲಿ ಚುಚ್ಚಿದರೆ ಸಲೈನು ಕೊಳವೆ ಹಾಯ್ದು ಟೆಕ್ನೀಷಿಯಮ್ಮನ್ನಷ್ಟೇ ತೊಳೆದುಕೊಂಡು ಬರುತ್ತದೆ. ಲ್ಯಾಬಿನವರು ಇದನ್ನು ಹಾಲು ಕರೆಯೋದು ಅಂತಲೇ ಕರೆಯುತ್ತಾರೆ, ಲೆಕ್ಕವೂ ಹಾಗೇ ಇದೆ: ಇವತ್ತು ಬೆಳಿಗ್ಗೆ ಕರೆದರೆ ನಾಳೆ ಬೆಳಿಗ್ಗೆಗೆ ಕೆಚ್ಚಲು ತುಂಬಿರುತ್ತದೆ, ದಿನದಿಂದ ದಿನಕ್ಕೆ ತುಸು ಕಡಿಮೆಯಾಗುತ್ತ. ನಮ್ಮ ದೇಶದಲ್ಲಿ ಇದಕ್ಕೊಂದು ಬೇರೆ ದಾರಿಯೂ ಬಹಳ ಕಾಲ ನಡೆದಿತ್ತು. ಮಾಲಿಬ್ಡಿನಂ ದ್ರಾವಣಕ್ಕೆ ಮೀಥೈಲ್ ಈಥೈಲ್ ಕೀಟೋನ್ ಬೆರೆಸಿ ಅಲುಗಿಸಿ, ಮೇಲೆ ನಿಂತ ಪದರವನ್ನು ಕಾಯಿಸಿ ಆರಿಸಿ, ಉಳಿದದ್ದನ್ನು ಸಲೈನಿನಲ್ಲಿ ಎತ್ತಿಕೊಳ್ಳುವುದು. ಅಗ್ಗದ ದಾರಿಯೇ, ಆದರೆ ಮಾಡುವ ಕೈ ಪಳಗಿರಬೇಕು.

ಎಲುಬಿಗೆ ಹೋಗುವ ಮದ್ದು ಬಂದದ್ದು 1970ರ ದಶಕದಲ್ಲಿ, ಅಮೆರಿಕದ ಸಿರಾಕ್ಯೂಸಿನಲ್ಲಿ ಗೋಪಾಲ್ ಸುಬ್ರಮಣಿಯನ್ ಮತ್ತು ಮೆಕಾಫಿ ಅವರಿಂದ. ಇವತ್ತಿಗೂ ಬೋನ್ ಸ್ಕ್ಯಾನಿಗೆ ಹೆಚ್ಚಾಗಿ ಬಳಸುವುದು ಎಲುಬಿಗೆ ಅಂಟುವ ಅವರ ಎಂಡಿಪಿಯನ್ನೇ, ಅದಕ್ಕೆ ಟೆಕ್ನೀಷಿಯಂ ಕಟ್ಟಿ. ಸುಮಾರು 20 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ) ಚುಚ್ಚಿ, ಚೆನ್ನಾಗಿ ನೀರು ಕುಡಿಸಿ, 3 ಗಂಟೆ ಬಿಟ್ಟು, ಮೂತ್ರ ಮಾಡಿಸಿ ಕ್ಯಾಮೆರಾ ಕೆಳಗೆ ಮಲಗಿಸುತ್ತಾರೆ. ಕೆಡುವುದು ಸಣ್ಣ ಸಂಗತಿಗಳಲ್ಲಿ. ಎಂಡಿಪಿ ಇರುವ ಕಿಟ್ ಬಾಟಲಿಯೊಳಗೆ ಸಿರಿಂಜಿನಿಂದ ಗಾಳಿ ಹೋದರೆ ಅದರಲ್ಲಿನ ತವರದ ಲವಣ ಉತ್ಕರ್ಷಿತವಾಗಿ ಟೆಕ್ನೀಷಿಯಂ ಎಂಡಿಪಿಗೆ ಅಂಟುವುದಿಲ್ಲ. ಆಗ ಥೈರಾಯ್ಡು, ಜೊಲ್ಲುಗ್ರಂಥಿ, ಹೊಟ್ಟೆ ಹೊಳೆದು ಎಲುಬು ಮಸುಕಾಗುತ್ತದೆ. ಮದ್ದು ನರದ ಹೊರಗೆ ಸೋರಿದರೆ ಕಂಕುಳಿನ ಗ್ರಂಥಿ ಹೊಳೆಯುತ್ತದೆ. ಲುಂಗಿಗೆ ಬಿದ್ದ ಒಂದು ಹನಿ ಮೂತ್ರ ಸೊಂಟದೆಲುಬಿನ ಗಡ್ಡೆಯ ಹಾಗೆ ಕಾಣುತ್ತದೆ. ಬಟ್ಟೆ ಬದಲಿಸಿ ಮತ್ತೊಂದು ಚಿತ್ರ ತೆಗೆದರೆ ಮುಗಿಯುವ ಕೆಲಸ ಅದು.

ಮೆತ್ತಗಾದ ಎಲುಬಿನ ರೋಗಿಯಲ್ಲಿ ಈ ಸ್ಕ್ಯಾನ್ ತಪ್ಪು ದಾರಿ ಹಿಡಿಸುವುದೂ ಉಂಟು. ಪಕ್ಕೆಲುಬು, ಪೆಲ್ವಿಸ್, ತೊಡೆಯ ಕತ್ತಿನ ಬಿರುಕುಗಳೆಲ್ಲ ಮದ್ದು ಹೀರಿ ಹೊಳೆಯುವ ಚುಕ್ಕೆಗಳಾಗಿ ಬರುತ್ತವೆ, ವರದಿಯಲ್ಲಿ ‘ಕ್ಯಾನ್ಸರ್ ಹರಡಿರಬಹುದು’ ಎಂಬ ಸಾಲು ಬೀಳುತ್ತದೆ. ಮನೆಮಂದಿ ಮಿರಜ್, ಹುಬ್ಬಳ್ಳಿ, ಮುಂಬೈ ಎಂದು ಮೂಲ ಕ್ಯಾನ್ಸರ್ ಹುಡುಕುತ್ತ ಅಲೆಯುತ್ತಾರೆ. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಎಲುಬಿನ ಫ್ಲೋರೋಸಿಸ್‌ನಲ್ಲೂ ಅಸ್ಥಿಪಂಜರವಿಡೀ ದಟ್ಟವಾಗಿ ಹೊಳೆದು ಮೂತ್ರಪಿಂಡ ಮಾಯವಾದಂತೆ ಕಾಣುತ್ತದೆ. ಆಸ್ಟಿಯೋಮಲೇಸಿಯಾದಲ್ಲೂ ಅದೇ ಚಿತ್ರ. ಇವೆರಡನ್ನು ಬಿಡಿಸಲು ಮುಂಗೈ ಎಕ್ಸ್‌ರೇ ಸಾಕಾಗುವುದುಂಟು: ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅನುಮಾನ ಫ್ಲೋರೈಡಿನ ಕಡೆ.

ಇದಕ್ಕಿಂತ ಅಗ್ಗದ ಸುಳಿವು ಖಾಲಿ ಹೊಟ್ಟೆಯ ಫಾಸ್ಫರಸ್ ಪರೀಕ್ಷೆ. ಕ್ಯಾಲ್ಸಿಯಂ, ವಿಟಮಿನ್ ಡಿ ಎಲ್ಲರೂ ಬರೆಯುತ್ತಾರೆ, ಇದನ್ನು ಮರೆಯುತ್ತಾರೆ. ದೊಡ್ಡವರಲ್ಲಿ ಡೆಸಿಲೀಟರ್ ರಕ್ತಕ್ಕೆ 2.5ರಿಂದ 4.5 ಮಿಲಿಗ್ರಾಂ ಇರಬೇಕಾದದ್ದು ಪದೇಪದೇ 2ರ ಕೆಳಗೆ ಬಂದರೆ, ಅದೇ ಹೊತ್ತಿನ ಮೂತ್ರದಲ್ಲಿ ಫಾಸ್ಫೇಟ್ ಮತ್ತು ಕ್ರಿಯಾಟಿನಿನ್ ನೋಡಿ ಸೋರಿಕೆ ಇದೆಯೇ ಎಂದು ಲೆಕ್ಕ ಹಾಕಬೇಕು. ರಕ್ತಕಣ ಒಡೆದ ಮಾದರಿಯಲ್ಲಿ ಫಾಸ್ಫರಸ್ ಸುಳ್ಳೇ ಹೆಚ್ಚಾಗಿ ತೋರುತ್ತದೆ. ರೋಗಿ ಎಚ್‌ಐವಿ, ಹೆಪಟೈಟಿಸ್ ಬಿಗೆ ಕೊಡುವ ಟೆನೊಫೊವಿರ್ ಮಾತ್ರೆ ನುಂಗುತ್ತಿದ್ದರೆ, ಇಲ್ಲವೇ ರಕ್ತಹೀನತೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಫಾಸ್ಫೇಟ್ ಇಳಿಯುವುದಕ್ಕೆ ಅಷ್ಟೇ ಸಾಕು. ಇದನ್ನು ಕೇಳದೆ ಸ್ಕ್ಯಾನಿಗೆ ಕಳಿಸುವುದು ದುಡ್ಡು ಹಾಳು.

ಗಂಟನ್ನು ಹಿಡಿದುಕೊಟ್ಟದ್ದು ಬೇರೆ ಮದ್ದು. ಈ ಗಡ್ಡೆಗಳ ಮೈಮೇಲೆ ಸಾಮಾನ್ಯವಾಗಿ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಿಗಳು ಒತ್ತೊತ್ತಾಗಿರುತ್ತವೆ. ಅವಕ್ಕೆ ಅಂಟುವ ಡೋಟಾಟೇಟ್ ಎಂಬ ಪೆಪ್ಟೈಡಿಗೆ ವಿಕಿರಣಶೀಲ ಗ್ಯಾಲಿಯಂ-68 ಕಟ್ಟಿ, ಅದು ಸೇರಿದ ಜಾಗವನ್ನು ಸಿಟಿ ಚಿತ್ರದ ಮೇಲೆ ತೋರಿಸುವ ಪೆಟ್-ಸಿಟಿ ಸ್ಕ್ಯಾನ್ ಮಾಡುತ್ತಾರೆ. ಸಕ್ಕರೆಯಂಥ ಎಫ್‌ಡಿಜಿ ಎಂಬ ಮದ್ದಿನ ಪೆಟ್ ಇಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ, ಬಿರುಕುಗಳೂ ಅದನ್ನು ಹೀರುತ್ತವೆ. ಸಾಗಾಟದ ಲೆಕ್ಕವೂ ಬೇರೆ. ಎಫ್‌ಡಿಜಿಯ ಫ್ಲೋರಿನ್-18 ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕ ಯಂತ್ರದಲ್ಲೇ ಹುಟ್ಟಬೇಕು, 110 ನಿಮಿಷಕ್ಕೆ ಅರ್ಧವಾಗುತ್ತದೆ, 9 ಗಂಟೆ ರಸ್ತೆಯಲ್ಲಿದ್ದರೆ 30ರಲ್ಲಿ ಒಂದು ಪಾಲು ಮುಟ್ಟುತ್ತದೆ. ಗ್ಯಾಲಿಯಂ 68 ನಿಮಿಷಕ್ಕೇ ಅರ್ಧವಾಗುತ್ತದೆ, ಆದರೆ ಅದರ ತಾಯಿ ಜರ್ಮೇನಿಯಂ-68 ಅರ್ಧವಾಗಲು 271 ದಿನ. ಒಂದು ಜನರೇಟರ್ ತರಿಸಿಕೊಂಡರೆ ಸೈಕ್ಲೋಟ್ರಾನ್ ಇಲ್ಲದ ಊರಿನಲ್ಲೂ ತಿಂಗಳುಗಟ್ಟಲೆ ಕೆಲಸ ನಡೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು, ಆಮ್ಲೀಯತೆ ಅಳೆಯುವ ಪಿಎಚ್ ಅನ್ನು 4ರ ಆಸುಪಾಸಿಗೆ ತಂದು, ಪೆಪ್ಟೈಡ್ ಹಾಕಿ 95 ಡಿಗ್ರಿಗೆ ಕಾಯಿಸಬೇಕು. ಆಮ್ಲದಲ್ಲಿ ಸೂಜಿಯಿಂದ ಚೂರು ಕಬ್ಬಿಣ ಸೇರಿದರೂ ಅದು ಗ್ಯಾಲಿಯಮ್ಮಿನ ಜಾಗ ಹಿಡಿದು ಆ ದಿನದ ಬ್ಯಾಚು ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಗಂಟು ಸಿಗದಿರುವುದಕ್ಕೆ ಒಂದು ತೀರಾ ಸಾದಾ ಕಾರಣವಿದೆ. ಕ್ಯಾನ್ಸರ್ ರೋಗಿಗಳಿಗೆಂದು ರೂಢಿಯಾದ ಪೆಟ್ ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಮಾತ್ರ. ಈ ಗಂಟುಗಳಿಗೆ ಕಾಲೆಂದರೆ ಬಲು ಇಷ್ಟ. ಅದಕ್ಕೇ ಕೋರಿಕೆ ಚೀಟಿಯಲ್ಲಿ ‘ನೆತ್ತಿಯಿಂದ ಕಾಲ್ಬೆರಳ ತುದಿಯವರೆಗೆ, ಕೈಗಳೂ ಸೇರಿ’ ಎಂದು ಬರೆಸಬೇಕು, ಫಾಸ್ಫರಸ್ಸಿನ ಅಂಕಿಯನ್ನೂ ಬರೆಯಬೇಕು. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವವರಿಗೆ ಅಂಗಾಲಿನ ಗಂಟು ಆಣಿಯೆಂದೇ ತೋರೀತು, ಸೊಂಟದ ನೋವಿಗೆ ಬಂದಾಗ ಅದನ್ನು ಹೇಳುವ ಯೋಚನೆಯೂ ಬರದು. ಪೆಟ್ ಸ್ಕ್ಯಾನಿನಲ್ಲಿ ಚುಕ್ಕೆ ಕಂಡ ಜಾಗಕ್ಕೆ ಎಂಆರ್‌ಐ ಮಾಡಬೇಕು, ಏಕೆಂದರೆ ಮಾಯುತ್ತಿರುವ ಬಿರುಕೂ ಮಂದವಾಗಿ ಹೊಳೆಯುತ್ತದೆ.

ಶಸ್ತ್ರಕ್ರಿಯೆಯಲ್ಲಿ ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ತುಸು ಸೇರಿಸಿಯೇ ತೆಗೆಯುತ್ತಾರೆ, ಕೆರೆದು ಬಿಟ್ಟರೆ ಮರಳಿ ಬೆಳೆಯುತ್ತದೆ. ಗಂಟು ಪೂರ್ತಿ ಹೋಗಿದ್ದರೆ ಎಫ್‌ಜಿಎಫ್-23 ಗಂಟೆಗಳಲ್ಲೇ ಇಳಿಯುತ್ತದೆ, ಫಾಸ್ಫರಸ್ ಕೆಲವು ದಿನಗಳಲ್ಲಿ ಮೇಲೇರುತ್ತದೆ. ಎಲುಬು ಗಟ್ಟಿಯಾಗಲು ಮಾತ್ರ ತಿಂಗಳುಗಳೇ ಬೇಕು.