ಚೀಲದ ಹೊಲಿಗೆ ಬಿಚ್ಚುವ ಕಿಣ್ವ

ಸಂಜೆ ಹೊತ್ತು ಗಂಗಾವತಿಯ ಎಗ್‌ರೈಸ್ ಬಂಡಿ ಹತ್ತಿರ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣ, ಹಳದಿ ತೆಗೆದು ಕೊಡ್ರಿ, ಕೊಲೆಸ್ಟ್ರಾಲ್ ಇರ್ತೈತಿ." ಕೇಳಿದಾಗೆಲ್ಲ ನನಗೆ ಸಂಕಟ. ಕೊಲೆಸ್ಟ್ರಾಲ್ ವಿಷವಲ್ಲ. ನಮ್ಮ ಪ್ರತಿ ಜೀವಕೋಶದ ಪೊರೆಗೂ ಅದು ಬೇಕು. ಬೇಕಾದದ್ದರಲ್ಲಿ ಬಹುಪಾಲನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ತೊಂದರೆ ಬರುವುದು ಲೆಕ್ಕ ತಪ್ಪಿದಾಗ. ಆ ಲೆಕ್ಕವನ್ನು ನೋಡಿಕೊಳ್ಳುವ ಒಂದು ಕಿಣ್ವ ನನಗೆ ಬಹಳ ಇಷ್ಟ. ಅದರ ಹೆಸರು ಲೈಸೋಸೋಮಲ್ ಆಸಿಡ್ ಲೈಪೇಸ್.

ಭತ್ತದ ಚೀಲ ನೋಡಿದ್ದೀರಲ್ವಾ? ಬಾಯಿ ಹೊಲಿದಿರುತ್ತದೆ. ದಾರದ ಸರಿಯಾದ ತುದಿ ಹಿಡಿದು ಎಳೆದರೆ ಹೊಲಿಗೆ ಸರ್ರನೆ ಬಿಚ್ಚುತ್ತದೆ. ಹಮಾಲರಿಗೆ ಇದು ಕ್ಷಣದ ಕೆಲಸ. ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಎಂಬ ಕಣ ಒಂದು ಲಾರಿ ಅಂದುಕೊಳ್ಳಿ. ಒಂದೊಂದು ಲಾರಿಯಲ್ಲೂ ಸುಮಾರು 1500 ಚೀಲ. ಪ್ರತಿ ಚೀಲದಲ್ಲೂ ಕೊಲೆಸ್ಟ್ರಾಲ್‌ಗೆ ಕೊಬ್ಬಿನಾಮ್ಲದ ಬಾಲ ಸೇರಿಸಿ ಹೊಲಿದಿರುತ್ತದೆ. ಲಾರಿ ಜೀವಕೋಶದ ಒಳಗೆ ಬಂದು ಲೈಸೋಸೋಮ್ ಎಂಬ ಹುಳಿ ತುಂಬಿದ ಕೋಣೆ ಸೇರುತ್ತದೆ. ನಮ್ಮ ಕಿಣ್ವ ಅಲ್ಲಿನ ಹಮಾಲ. ನೀರಿನ ಒಂದು ಅಣು ಬಳಸಿ ಆ ಹೊಲಿಗೆ ಬಿಚ್ಚುತ್ತದೆ. ಕೊಲೆಸ್ಟ್ರಾಲ್ ಬಿಡಿಯಾಗಿ ಹೊರಬರುತ್ತದೆ.

ಹಮಾಲನೇ ಬರದಿದ್ದರೆ? ಕೋಣೆ ತುಂಬ ಚೀಲ, ಒಲೆ ಮೇಲೆ ಖಾಲಿ ಪಾತ್ರೆ. ಜೀವಕೋಶ ಚೀಲ ಎಣಿಸುವುದಿಲ್ಲ, ಬಿಡಿ ಕೊಲೆಸ್ಟ್ರಾಲನ್ನು ಮಾತ್ರ ನೋಡುತ್ತದೆ. ಅದು ಕಾಣದಿದ್ದರೆ ಬರಗಾಲ ಬಂತೆಂದು ತಾನೇ ಹೊಸದಾಗಿ ತಯಾರಿಸಲು ಶುರುಮಾಡುತ್ತದೆ. ಇನ್ನಷ್ಟು ಲಾರಿಗಳನ್ನೂ ಕರೆಯುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ಕೆಟ್ಟು ಮುಚ್ಚಿಕೊಂಡಿದ್ದರೆ ಗದ್ದೆ ಒಣಗುತ್ತದೆ. ರೈತ "ಇನ್ನೂ ನೀರು ಬಿಡಿ" ಎನ್ನುತ್ತಾನೆ, ಬಿಟ್ಟಷ್ಟೂ ಕಾಲುವೆಯ ಏರಿ ಒಡೆಯುವ ಭಯ. ಜೀವಕೋಶದ ಪಾಡೂ ಅದೇ. ತುಂಬಿದ ಮನೆಯಲ್ಲಿ ಉಪವಾಸ.

ಲೈಸೋಸೋಮನ್ನು ಗುರುತಿಸಿ 1955ರಲ್ಲಿ ಹೆಸರಿಟ್ಟವರು ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡ್ಯೂವ್. ಮರುವರ್ಷವೇ ಮೋಶೆ ವೋಲ್ಮನ್ ಮತ್ತು ಜೊತೆಗಾರರು ಕೂಸುಗಳ ಒಂದು ಕಾಯಿಲೆಯ ಬಗ್ಗೆ ಬರೆದರು. ಎರಡಕ್ಕೂ ನಂಟಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1975ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಈ ಕಿಣ್ವ ಸರಿಯಿಲ್ಲದ ರೋಗಿಯೊಬ್ಬರ ಚರ್ಮದ ಜೀವಕೋಶಗಳನ್ನು ಬೆಳೆಸಿ, ಮೇಲೆ ಹೇಳಿದ ಉಪವಾಸವನ್ನೇ ಕಂಡರು. ಕೊಲೆಸ್ಟ್ರಾಲ್ ಲೆಕ್ಕದ ಒಟ್ಟು ಶೋಧಕ್ಕೆ ಅವರಿಬ್ಬರಿಗೆ 1985ರಲ್ಲಿ ನೊಬೆಲ್ ಬಂತು.

ವೋಲ್ಮನ್ ಬರೆದ ಆ ಕಾಯಿಲೆಗೆ ಕಾರಣ ನಮ್ಮ ಹಮಾಲ ಕಿಣ್ವ ಇಲ್ಲದಿರುವುದೇ. ವೋಲ್ಮನ್ ಕಾಯಿಲೆಯ ಕೂಸು ವಾಂತಿ ಮಾಡಿಕೊಳ್ಳುತ್ತದೆ, ಭೇದಿಯಾಗುತ್ತದೆ. ಯಕೃತ್ತು, ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ. ಮೈ ಹತ್ತುವುದೇ ಇಲ್ಲ. ಹೊಟ್ಟೆ ಉಬ್ಬಿದ ಕೂಸಿಗೆ ದೃಷ್ಟಿಯಾಗಿದೆ ಎಂದು ಬರೆ ಹಾಕಿಸುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ದಯವಿಟ್ಟು ಬೇಡ. ಉಬ್ಬಿದ ಹೊಟ್ಟೆಗೆ ನೂರು ಕಾರಣ ಇರಬಹುದು, ಈ ಕಾಯಿಲೆಯಂತೂ ಬಹಳ ಅಪರೂಪ. ಯಾವುದೇ ಕಾರಣವಿದ್ದರೂ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಇನ್ನೊಂದು ಮಾತು: ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ ಬರುತ್ತದೆ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಮಾಡುವಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಜಾಸ್ತಿ.

ಇಲ್ಲದ ಹಮಾಲನನ್ನು ಹೊರಗಿನಿಂದ ಕಳಿಸಬಹುದೇ? ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ ಔಷಧ 1982ರಲ್ಲೇ ಬಂದಿತ್ತು. ಆದರೆ ಈ ಕಿಣ್ವದ ಮೈಮೇಲೆ ಸಕ್ಕರೆಯ ಸರಪಳಿಗಳಿರಬೇಕು. ಲೈಸೋಸೋಮಿಗೆ ದಾರಿ ತೋರಿಸುವ ವಿಳಾಸದ ಚೀಟಿ ಅವೇ. ಆ ಚೀಟಿ ಅಂಟಿಸುವುದು ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಬರುವುದಿಲ್ಲ, ಕೋಳಿಗೆ ಬರುತ್ತದೆ! ಮನುಷ್ಯರ ಜೀನನ್ನು ಕೋಳಿಗೆ ಸೇರಿಸಿದರು. ಅದು ಇಟ್ಟ ಮೊಟ್ಟೆಯ ಬಿಳಿ ಭಾಗದಲ್ಲಿ ಮನುಷ್ಯರ ಕಿಣ್ವ ಸಿಕ್ಕಿತು. ಶುದ್ಧಮಾಡಿದ ಆ ಕಿಣ್ವವೇ ಸೆಬೆಲಿಪೇಸ್ ಆಲ್ಫಾ. ಅಮೆರಿಕ 2015ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. (ಆ ಕೋಳಿಗಳು ಬೇರೆಯೇ, ಅವು ಅಡುಗೆಮನೆಗೆ ಬರುವುದಿಲ್ಲ. 2021ರಿಂದ ಕೊಪ್ಪಳ, ರಾಯಚೂರು, ಬಳ್ಳಾರಿಯ ಶಾಲೆಗಳಲ್ಲಿ ಕೊಡುತ್ತಿರುವುದು ಮಾಮೂಲಿ ಮೊಟ್ಟೆ. ಮಕ್ಕಳು ಅದನ್ನು ಹಳದಿ ಸಮೇತ ತಿನ್ನಲಿ.)

ಈ ಕಿಣ್ವವನ್ನು ಡ್ರಿಪ್ ಮೂಲಕ ರಕ್ತಕ್ಕೆ ಬಿಡುತ್ತಾರೆ, ಕೂಸುಗಳಿಗೆ ವಾರಕ್ಕೊಮ್ಮೆ. ಹಿಂದೆ ಔಷಧವಿಲ್ಲದ ಕಾಲದ 21 ಕೂಸುಗಳ ದಾಖಲೆ ತೆಗೆದು ನೋಡಿದರೆ, ಒಂದೂ ಎಂಟು ತಿಂಗಳು ದಾಟಿರಲಿಲ್ಲ. ಔಷಧ ಪಡೆದ 9 ಕೂಸುಗಳಲ್ಲಿ 6 ಕೂಸುಗಳು ಮೊದಲ ಹುಟ್ಟುಹಬ್ಬ ಕಂಡವು.